ವಿಟಮಿನ್ ಡಿ 71, ಬಿ.ಪಿ. 152: ಹನುಮಂತನಗರದ ಒಂದು ಲೂಪಸ್ ಪ್ರಕರಣ

"ಮೇಡಮ್, ಡಿ ಎಪ್ಪತ್ತೊಂದಕ್ಕೆ ಬಂತು ನೋಡಿ" ಅಂತ ಶಾರದಾ ಲ್ಯಾಬ್ ರಿಪೋರ್ಟನ್ನು ನನ್ನ ಕಡೆ ತಿರುಗಿಸಿಟ್ಟಳು. ಏಳು ತಿಂಗಳ ಹಿಂದೆ ಅದೇ ಪರೀಕ್ಷೆಯಲ್ಲಿ 9 ಬಂದಿತ್ತು. 30ರಿಂದ 100ರವರೆಗೆ ನಾರ್ಮಲ್ ಅಂತ ಹಾಳೆಯಲ್ಲಿ ಅಚ್ಚಾಗಿತ್ತು. 71ರ ಕೆಳಗೆ ಅವಳ ಒಂಬತ್ತು ವರ್ಷದ ಮಗಳು ಹಸಿರು ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದಿದ್ದಳು. ನನಗೂ ಖುಷಿಯಾಯಿತು. ಮಾತಾಡುತ್ತಲೇ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿದೆ. 152/96. ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಂದು ತೋಳಿಗೆ ಕಟ್ಟಿದೆ. 150/96. ಅವಳಿಗೆ ವಯಸ್ಸು 34.

ಹನುಮಂತನಗರದಲ್ಲಿ ಬಹಳ ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿರುವ ಸಾಮಾನ್ಯ ವೈದ್ಯೆ ನಾನು, ರೋಗನಿರೋಧಕ ವ್ಯವಸ್ಥೆ ಸ್ವಂತ ಮೈಯನ್ನೇ ಹಗೆಯೆಂದು ತಿಳಿಯುವ ಲೂಪಸ್ ಕಾಯಿಲೆಯ ತಜ್ಞೆಯಲ್ಲ. ಶಾರದಾ ಮದುವೆಯಾಗಿ ನಮ್ಮ ಬೀದಿಗೆ ಬಂದಾಗಿನಿಂದ ನೋಡಿರುವ ಹುಡುಗಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನೂ ಒಂದೆರಡು ಗುರುತುಗಳನ್ನೂ ಬದಲಾಯಿಸಿದ್ದೇನೆ. ಲೂಪಸ್ ಇರುವವರ ರಕ್ತನಾಳಕ್ಕೂ ವಿಟಮಿನ್ ಡಿಗೂ ಏನು ಸಂಬಂಧ ಅಂತ ಈಗ ಬಹಳ ಜನ ಕೇಳುತ್ತಾರೆ. ಸಂಬಂಧ ಇದೆ. ಆದರೆ ಆ ಒಂದು ಅಂಕಿ ಮೇಲೇರುತ್ತಿದ್ದ ಏಳು ತಿಂಗಳಲ್ಲಿ ಉಳಿದದ್ದೆಲ್ಲ ಹದಗೆಡುತ್ತಿತ್ತು. ಅದನ್ನು ನಾವ್ಯಾರೂ ನೋಡಲಿಲ್ಲ, ನಾನೂ ಸೇರಿ. ಹಾಗಾಗಿ ಬರೆಯಬೇಕೆನಿಸಿತು.

ಶಾರದಾ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಆರೂವರೆಗೆ, ನಡುವೆ ಇಡೀ ದಿನ ಟ್ಯೂಬ್‌ಲೈಟಿನ ಕೆಳಗೆ. ಗಂಡ ಲಗೇಜ್ ಆಟೋ ಓಡಿಸುತ್ತಾನೆ. ಮನೆಯಲ್ಲಿ ಅತ್ತೆ, ಒಬ್ಬಳು ಮಗಳು. ನಾಲ್ಕು ವರ್ಷದ ಹಿಂದೆ ಬೆರಳ ಗೆಣ್ಣುಗಳು ಊದಿ ಕತ್ತರಿ ಹಿಡಿಯಲಾಗದೆ ಬಂದಿದ್ದಳು. ಬಾಚಣಿಗೆ ತುಂಬ ಕೂದಲು ಉದುರುತ್ತಿತ್ತು, ಎರಡೂ ಕೆನ್ನೆಯ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕೆಂಪು. ಲೂಪಸ್ ಅನುಮಾನ ಬಂದಾಗ ಮಾಡಿಸುವ ಎ.ಎನ್.ಎ. ರಕ್ತಪರೀಕ್ಷೆ ಪಾಸಿಟಿವ್, ಡಿಎನ್‌ಎ ವಿರುದ್ಧದ ಪ್ರತಿಕಾಯವೂ ಪಾಸಿಟಿವ್. ಕೀಲುವಾತ ತಜ್ಞರು ಲೂಪಸ್ ಅಂತ ಖಚಿತಪಡಿಸಿ, ಕಾಯಿಲೆ ಹತೋಟಿಯಲ್ಲಿಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಮತ್ತು ಸಣ್ಣ ಪ್ರಮಾಣದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿದರು. ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಅದೂ ದುಡಿಯುವ, ಮಕ್ಕಳನ್ನು ಸಾಕುವ ವಯಸ್ಸಿನವರು.

ಕಳೆದ ವರ್ಷ ಜುಲೈನಲ್ಲಿ ಮೈಕೈ ನೋವು, ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತದೆ ಅಂದಳು. ಡಿ ಪರೀಕ್ಷೆ ಮಾಡಿಸಿದೆ. ಮಿಲಿಲೀಟರಿಗೆ 9 ನ್ಯಾನೋಗ್ರಾಂ. ಬೆಂಗಳೂರಿನಂಥ, 13 ಡಿಗ್ರಿ ಅಕ್ಷಾಂಶದ, ವರ್ಷವಿಡೀ ಬಿಸಿಲಿರುವ ಊರಲ್ಲಿ ಇಷ್ಟು ಕಡಿಮೆ ಹೇಗೆ ಅಂತ ಗಂಡ ಕೇಳಿದ. ಊರಲ್ಲಿ ಬಿಸಿಲಿದ್ದರೆ ಸಾಲದು, ಅದು ಚರ್ಮಕ್ಕೆ ತಾಗಬೇಕು. ಚರ್ಮದಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತುವಿಗೆ ನೇರಳಾತೀತ ಬಿ ಕಿರಣ ಬಿದ್ದಾಗ ವಿಟಮಿನ್ ಡಿ ಹುಟ್ಟುತ್ತದೆ. ಆಮೇಲೆ ಯಕೃತ್ತಿನಲ್ಲಿ ಒಮ್ಮೆ, ಕಿಡ್ನಿಯಲ್ಲಿ ಇನ್ನೊಮ್ಮೆ ರೂಪ ಬದಲಾಗಿ ಕೆಲಸಕ್ಕೆ ಸಿದ್ಧವಾಗುತ್ತದೆ. ಶಾರದಾಳಿಗೆ ಈ ದಾರಿಯ ಪ್ರತಿ ತಿರುವಿನಲ್ಲೂ ಅಡ್ಡಿ. ಬಿಸಿಲು ಕಾಣುವ ಹೊತ್ತಲ್ಲಿ ಫ್ಯಾಕ್ಟರಿಯೊಳಗೆ. ಕಂದು ಚರ್ಮಕ್ಕೆ ಅಷ್ಟೇ ಡಿ ತಯಾರಿಸಲು ಹೆಚ್ಚು ಹೊತ್ತು ಬೇಕು. ಬಿಸಿಲಿಗೆ ಹೋಗಬೇಡ ಅಂತ ಲೂಪಸ್ ರೋಗಿಗಳಿಗೆ ನಾವೇ ಹೇಳಿರುತ್ತೇವೆ. ಸ್ಟೀರಾಯ್ಡ್ ಮಾತ್ರೆ ಇರುವ ಡಿಯನ್ನು ಬೇಗ ಕರಗಿಸುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ ಡಿಯನ್ನು ಹೊತ್ತು ತಿರುಗುವ ಪ್ರೋಟೀನೂ ಅದರ ಜೊತೆ ಹೊರಟುಹೋಗುತ್ತದೆ.

ಊಟದಿಂದ ತುಂಬಿಕೊಳ್ಳೋಣವೆಂದರೆ ಅವಳ ಮನೆ ಸಸ್ಯಾಹಾರ. "ದಿನಾ ರಾಗಿಮುದ್ದೆ ತಿಂತೀವಲ್ಲ ಮೇಡಮ್" ಅಂದರು ಅತ್ತೆ. ರಾಗಿ ಬಂಗಾರದಂಥ ಧಾನ್ಯ, ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಡಿ ಮಾತ್ರ ಇಲ್ಲ. ಡಿ ಇಲ್ಲದಿದ್ದರೆ ಆ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದೂ ಇಲ್ಲ.

ಬಿಸಿಲಿನ ವಿಷಯದಲ್ಲಿ ಮನೆಯವರೊಂದಿಗೆ ನನಗೆ ಸ್ವಲ್ಪ ವಾದವೇ ಆಯಿತು. ರಥಸಪ್ತಮಿ ದಿನ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡಿ ಸೂರ್ಯನಿಗೆ ಕೈ ಮುಗಿಯುವವರು ನಾವು, ಬಿಸಿಲು ಯಾರಿಗೆ ಕೆಟ್ಟದ್ದು ಮಾಡುತ್ತೆ, ಬೆಳಿಗ್ಗೆ ಎಳೆಬಿಸಿಲಿಗೆ ನಿಲ್ಲಲಿ ಅಂತ ಅತ್ತೆ. ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಎಳೆಬಿಸಿಲಿನಲ್ಲಿ ಡಿ ಹುಟ್ಟಿಸುವ ಕಿರಣ ಇರುವುದಿಲ್ಲವೆನ್ನುವಷ್ಟು ಕಡಿಮೆ. ನಮ್ಮ ನೆರಳು ನಮಗಿಂತ ಉದ್ದವಾಗಿರುವಷ್ಟು ಹೊತ್ತು ಚರ್ಮದಲ್ಲಿ ಡಿ ಹೆಚ್ಚೇನೂ ತಯಾರಾಗುವುದಿಲ್ಲ. ನೆರಳು ಕಾಲಡಿಗೆ ಬರುವ ಹೊತ್ತಿನ ಬಿಸಿಲಿನಲ್ಲಿ ಆ ಕಿರಣ ಧಾರಾಳ. ಅದೇ ಕಿರಣ ಲೂಪಸ್ ಇರುವವರ ಚರ್ಮದ ಜೀವಕೋಶಗಳನ್ನು ಒಡೆದು, ಒಳಗಿನ ಡಿಎನ್‌ಎ ಚೂರುಗಳನ್ನು ಹೊರಹಾಕಿ, ಮಲಗಿದ್ದ ಕಾಯಿಲೆಯನ್ನು ಎಬ್ಬಿಸುತ್ತದೆ. ಶಾರದಾ ನಮ್ಮಿಬ್ಬರ ಮಾತನ್ನೂ ಬಿಟ್ಟು, ಮೊಬೈಲಿನ ಯಾವುದೋ ವಿಡಿಯೋ ನೋಡಿ, ಜನವರಿಯ ಭಾನುವಾರಗಳಲ್ಲಿ ಹನ್ನೊಂದೂವರೆಗೆ ಟೆರೇಸ್ ಹತ್ತಿ ರವಿಕೆಯ ತೋಳು ಮೇಲಕ್ಕೆ ಮಡಚಿ ಒಂದು ಗಂಟೆ ನಿಂತಳು. ಫೆಬ್ರವರಿಯಲ್ಲಿ ನನ್ನ ಮುಂದೆ ಕೂತಾಗ ಕೆನ್ನೆಯ ಕೆಂಪು ವಾಪಸ್ ಬಂದಿತ್ತು. ಲೂಪಸ್ ಇರುವವರಿಗೆ ಡಿ ಬರಬೇಕಾದ್ದು ಔಷಧದಿಂದ, ಬಿಸಿಲಿನಿಂದಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಆ ಔಷಧ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು 60,000 ಯೂನಿಟ್ಟಿನ ಪುಡಿಯ ಸ್ಯಾಶೆ. ಹಾಲಿಗೆ ಕಲಸಿ ಕುಡಿಯುವುದು, ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಊಟದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಜುಲೈನಲ್ಲಿ ಚೀಟಿ ಬರೆದುಕೊಟ್ಟವಳು ನಾನೇ. ಆ ಚೀಟಿಯನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಳು, ಫೆಬ್ರವರಿಯಲ್ಲಿ ತೆಗೆದು ತೋರಿಸಿದಳು. ನನ್ನ ಅಕ್ಷರದಲ್ಲಿ "ವಾರಕ್ಕೆ 1" ಅಂತಿತ್ತು. ಎಷ್ಟು ವಾರ ಅಂತ ಇರಲಿಲ್ಲ. ಬಾಯಲ್ಲಿ ಎಂಟು ವಾರ ಅಂತ ಹೇಳಿರಬಹುದು, ಹೇಳದೆಯೂ ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿದಾಗೆಲ್ಲ ಕೊಟ್ಟರು. ಎಂಟು ವಾರದ ಔಷಧ ಇಪ್ಪತ್ತೆಂಟು ವಾರ ನಡೆಯಿತು. ಅವಳ ಪುಣ್ಯಕ್ಕೆ ಕ್ಯಾಲ್ಸಿಯಂ 10.2, ಮಿತಿಯೊಳಗೇ ಇತ್ತು. ಇದೇ ಸ್ಯಾಶೆಯನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಕೊನೆಗೆ ಕಿಡ್ನಿಗೇ ಪೆಟ್ಟು. ಅವತ್ತಿನಿಂದ ನಾನು ಡಿ ಬರೆಯುವಾಗ ಮುಗಿಯುವ ತಾರೀಕನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಆ ಹೊತ್ತಿಗೆ ನನ್ನನ್ನು ಹೆಚ್ಚು ಕಳವಳಕ್ಕೆ ಹಾಕಿದ್ದು ಬೇರೆ. ಚಪ್ಪಲಿ ಬಿಚ್ಚಲು ಹೇಳಿದೆ. ಕಾಲುಚೀಲದ ಎಲಾಸ್ಟಿಕ್ಕಿನ ಗುರುತು ಹಿಮ್ಮಡಿಯ ಮೇಲೆ ಆಳವಾಗಿ ಕೂತಿತ್ತು. ಹೆಬ್ಬೆರಳಿಂದ ಒತ್ತಿದರೆ ಕುಳಿ ಬಿದ್ದು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಮೂತ್ರದಲ್ಲಿ ನೊರೆ ಬರುತ್ತಾ ಅಂತ ಕೇಳಿದೆ, ಪ್ರೋಟೀನ್ ಸೋರುವುದರ ಗುರುತು ಅದು. "ಸೋಪು ಹಾಕ್ದಂಗೆ ಬರುತ್ತೆ, ಫಿನಾಯಿಲ್‌ದೇನೋ ಅಂದ್ಕೊಂಡೆ" ಅಂದಳು. ಗೆಣ್ಣು ನೋವಿಗೆ ವಾರದಲ್ಲಿ ಮೂರು ನಾಲ್ಕು ದಿನ ಡೈಕ್ಲೋಫೆನಾಕ್ ನುಂಗುತ್ತಿದ್ದಳು. ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಟ್ಟು ಐದು ತಿಂಗಳಾಗಿತ್ತು! ಅದರಿಂದ ಕಣ್ಣು ಹೋಗುತ್ತೆ ಅಂತ ಊರಿನ ನೆಂಟರೊಬ್ಬರು ಹೇಳಿದ್ದರು. ಡಿ ಹೇಗೂ ಏರುತ್ತಿದೆ, ಅದೇ ಸಾಕು ಅನ್ನಿಸಿತಂತೆ. ದೊಡ್ಡಾಸ್ಪತ್ರೆಗೆ ನಡುವೆ ಒಮ್ಮೆ ಹೋಗಿದ್ದಳು. ನೂಕುನುಗ್ಗಲಲ್ಲಿ ಹಳೇ ಚೀಟಿಯನ್ನೇ ಮುಂದುವರಿಸಿ ಕಳಿಸಿದ್ದರು. ಬಿ.ಪಿ. ನೋಡಿದ ಗುರುತು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇಲ್ಲಿ ರಕ್ತನಾಳದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾಳವೆಂದರೆ ನಲ್ಲಿಯ ಪೈಪಲ್ಲ. ಅದರ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಹೊದಿಕೆ ಇದೆ, ಎಂಡೋಥೀಲಿಯಂ ಅಂತ. ರಕ್ತ ರಭಸವಾಗಿ ಹರಿದಾಗ ಈ ಹೊದಿಕೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ, ನಾಳ ಸಡಿಲಗೊಂಡು ಹಿಗ್ಗುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಲೂಪಸ್‌ನಲ್ಲಿ ಪೆಟ್ಟು ಬೀಳುವುದು ಈ ಹೊದಿಕೆಗೇ. ಕಾಯಿಲೆ ಕೆರಳಿದಾಗ ಹೆಚ್ಚುವ ಇಂಟರ್‌ಫೆರಾನ್ ಎಂಬ ರಾಸಾಯನಿಕ ಹೊದಿಕೆಯನ್ನು ಕೆಡಿಸುವುದಷ್ಟೇ ಅಲ್ಲ, ಹರಿದ ಜಾಗವನ್ನು ರಿಪೇರಿ ಮಾಡುವ ಜೀವಕೋಶಗಳನ್ನೂ ಕಟ್ಟಿಹಾಕುತ್ತದೆ.

ಹೊದಿಕೆ ಹೇಗಿದೆ ಅಂತ ಸಂಶೋಧಕರು ಅಳೆಯುವ ರೀತಿ ನೋಡಲು ಸರಳ. ರೋಗಿಯನ್ನು ಮಲಗಿಸಿ ತೋಳಿನ ಧಮನಿಯ ಅಗಲವನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತಾರೆ. ಅದು ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ. ಮುಂಗೈಗೆ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆದು, ತಟ್ಟನೆ ಬಿಡುತ್ತಾರೆ. ಕೈ ಜುಮ್ಮೆನ್ನುತ್ತದೆ, ರಕ್ತ ನುಗ್ಗುತ್ತದೆ, ಆರೋಗ್ಯವಂತ ಧಮನಿ ಆಗ ಶೇಕಡಾ ಇಷ್ಟು ಅಂತ ಹಿಗ್ಗುತ್ತದೆ. ಹೊದಿಕೆ ಕೆಟ್ಟಿದ್ದರೆ ಹಾಗೇ ಬಿಗಿದುಕೊಂಡಿರುತ್ತದೆ. ಡಿಗೆ ಸ್ಪಂದಿಸುವ ಗ್ರಾಹಿಗಳು ಈ ಹೊದಿಕೆಯ ಕೋಶಗಳಲ್ಲೂ ಇವೆ. ದಕ್ಷಿಣ ಕೆರೊಲಿನಾದಲ್ಲಿ ಲೂಪಸ್ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ, ಡಿ ಸಾಕಷ್ಟು ಏರಿದವರಲ್ಲಿ ಅರ್ಧದಷ್ಟು ಜನರ ಧಮನಿ ಮೊದಲಿಗಿಂತ ಚೆನ್ನಾಗಿ ಹಿಗ್ಗಿತು. ಕೊರತೆಯಲ್ಲೇ ಉಳಿದವರಲ್ಲಿ ಯಾರಿಗೂ ಹಾಗಾಗಲಿಲ್ಲ. 2016ರ ಮ್ಯಾಂಚೆಸ್ಟರ್ ಅಧ್ಯಯನದಲ್ಲಿ ಲೂಪಸ್ ರೋಗಿಗಳ ರಿಪೇರಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಸಕ್ರಿಯ ಡಿಯೊಂದಿಗೆ ಇಟ್ಟಾಗ ಅವು ಮತ್ತೆ ಕೆಲಸಕ್ಕೆ ನಿಂತವು.

ಇಷ್ಟು ಓದಿದವರಿಗೆ ಡಿ ಹೆಚ್ಚಿದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1,006 ಲೂಪಸ್ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳುತ್ತದೆ. ಕೊರತೆಯಿದ್ದವರಲ್ಲಿ ಡಿ 20 ನ್ಯಾನೋಗ್ರಾಂ ಏರಿದಾಗ ಕಾಯಿಲೆ ಜೋರಾಗಿರುವ ಸಂಭವ ಶೇ. 21ರಷ್ಟು, ಮೂತ್ರದಲ್ಲಿ ಹೆಚ್ಚು ಪ್ರೋಟೀನ್ ಹೋಗುವ ಸಂಭವ ಶೇ. 15ರಷ್ಟು ತಗ್ಗಿತ್ತು. ಆದರೆ 40 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹೃದಯಾಘಾತ, ಪಾರ್ಶ್ವವಾಯು ತಪ್ಪುತ್ತವೆಯೇ ಎಂಬ ಪ್ರಶ್ನೆಗೆ ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರನ್ನು ಸೇರಿಸಿಕೊಂಡು, ಅರ್ಧ ಜನರಿಗೆ ದಿನಕ್ಕೆ 2,000 ಯೂನಿಟ್ ಡಿ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. 2018ರಲ್ಲಿ ಬಂದ ಉತ್ತರ: ತಪ್ಪಲಿಲ್ಲ. ಅವರಲ್ಲಿ ಬಹುಪಾಲು ಲೂಪಸ್ ಇಲ್ಲದ, ಡಿ ಕೊರತೆಯೂ ಇಲ್ಲದ ಜನ ಎಂಬುದು ನಿಜ. ಆದರೂ ಡಿ ಪುಡಿಯನ್ನೇ ಹೃದಯದ ಔಷಧವೆಂದು ನಂಬಿ ಕೂರಲು ಆಧಾರವಿಲ್ಲ. ಶಾರದಾಳ ಡಿ 9 ಇದ್ದಾಗ ತುಂಬಿಸಲೇಬೇಕಿತ್ತು. ಎಲುಬಿಗೆ, ಸ್ನಾಯುವಿಗೆ, ಬಹುಶಃ ರಕ್ತನಾಳಕ್ಕೂ ಅದು ಬೇಕು. 40ರಿಂದ 71ಕ್ಕೆ ಏರಿದ ದಾರಿಯಲ್ಲಿ ಅವಳಿಗೆ ಸಿಕ್ಕಿದ್ದು ಸುಳ್ಳು ಧೈರ್ಯ.

ಮೂತ್ರಪರೀಕ್ಷೆಯಲ್ಲಿ, ಎಷ್ಟು ಪ್ರೋಟೀನ್ ಸೋರುತ್ತಿದೆ ಅಂತ ತೋರಿಸುವ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 1.6 ಬಂತು, ಇರಬೇಕಾದ್ದು 0.2ಕ್ಕಿಂತ ಕಡಿಮೆ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ 0.9, ಅಂದರೆ ಮಿತಿಯೊಳಗೇ ಇದ್ದದ್ದೊಂದು ಸಮಾಧಾನ. ಅದೇ ವಾರ ಕೀಲುವಾತ ತಜ್ಞರ ಹತ್ತಿರ ಕಳಿಸಿದೆ. ಕಿಡ್ನಿ ಬಯಾಪ್ಸಿಯಲ್ಲಿ ಮೂರನೇ ದರ್ಜೆಯ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್‌ನಿಂದ ಕಿಡ್ನಿಗೆ ಬಂದ ಉರಿಯೂತ. ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್, ಆಮೇಲೆ ಇಳಿಸುತ್ತಾ ಹೋಗುವ ಪ್ರೆಡ್ನಿಸೊಲೋನ್, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೈಕೋಫೆನೊಲೇಟ್, ಬಿ.ಪಿ.ಗೂ ಪ್ರೋಟೀನ್ ಸೋರಿಕೆಗೂ ಟೆಲ್ಮಿಸಾರ್ಟಾನ್. ಈ ಕೊನೆಯ ಎರಡೂ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ, ಹಾಗಾಗಿ ಗರ್ಭನಿರೋಧಕದ ಬಗ್ಗೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ಕಿಡ್ನಿಗೆ ಒಳ್ಳೆಯದಲ್ಲದ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬಂದ್.

ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತೆ ಶುರು ಮಾಡಿಸಲು ಒಂದು ಸಂಜೆ ಪೂರ್ತಿ ಬೇಕಾಯಿತು. ಕಣ್ಣಿನ ಭಯ ಸುಳ್ಳಲ್ಲ. ಆದರೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ಕೊಟ್ಟರೆ ಮೊದಲ ಐದು ವರ್ಷದಲ್ಲಿ ಅಕ್ಷಿಪಟಕ್ಕೆ ತೊಂದರೆಯಾಗುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಹತ್ತು ವರ್ಷದವರೆಗೆ ಇಬ್ಬರಿಗಿಂತ ಕಡಿಮೆ. ಅದಕ್ಕೇ ಕಣ್ಣಿನ ತಪಾಸಣೆ ಇರುವುದು. ಲೂಪಸ್ ಕೆರಳುವುದನ್ನೂ ರಕ್ತ ಹೆಪ್ಪುಗಟ್ಟುವುದನ್ನೂ ತಗ್ಗಿಸುವ ಮಾತ್ರೆ ಇದು. ರಕ್ತನಾಳ ಕಾಯುವ ಮಾತ್ರೆಯನ್ನು ಬಿಟ್ಟು ಅವಳು ಡಿ ಪುಡಿಯನ್ನು ಹಿಡಿದುಕೊಂಡಿದ್ದಳು. ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಡಿಯ ಅಂಕಿ ಕಾಗದದ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಆ ಮಾತ್ರೆಯ ಉಪಕಾರಕ್ಕೆ ಅಂಥ ಅಂಕಿ ಇಲ್ಲ.

ಯುಗಾದಿ ಕಳೆದು ಒಂದು ವಾರವಾಗಿರಬೇಕು. ರಾತ್ರಿ ಎರಡು ಗಂಟೆಗೆ ಗಂಡನ ಫೋನು. "ಎದೆ ಹಿಡ್ಕೊಂಡಿದೆ ಅಂತಾಳೆ ಮೇಡಮ್, ಎಡಗೈ ಸೆಳೀತಿದೆಯಂತೆ. ಅಮ್ಮ ಜೀರಿಗೆ ಕಷಾಯ ಕೊಟ್ರು, ಗ್ಯಾಸ್ ಇರಬೋದಾ?" ಆಟೋದಲ್ಲಿ ಕೂರಿಸಿಕೊಂಡು ಈಗಲೇ ಹೊರಡು ಅಂದೆ. ತುರ್ತು ವಿಭಾಗದಲ್ಲಿ ಮೊದಲು ನೋಡಿದ ಎಳೆಯ ಡಾಕ್ಟರೂ ವಯಸ್ಸು ನೋಡಿ ಅಸಿಡಿಟಿ ಇಂಜೆಕ್ಷನ್ ಬರೆಯುತ್ತಿದ್ದರಂತೆ. ಇಸಿಜಿ ಮಾಡಿ, ಲೂಪಸ್ ಇದೆ ಅಂತ ಹೇಳಲು ಗಂಡನಿಗೆ ಫೋನಲ್ಲೇ ಹೇಳಿಕೊಟ್ಟಿದ್ದೆ, ಹೇಳಿದ. ಪಿಟ್ಸ್‌ಬರ್ಗ್‌ನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 35ರಿಂದ 44ರ ವಯಸ್ಸಿನ ಲೂಪಸ್ ಇರುವ ಹೆಂಗಸರಿಗೆ ಅದೇ ವಯಸ್ಸಿನ ಇತರ ಹೆಂಗಸರಿಗಿಂತ ಹೃದಯಾಘಾತದ ಸಂಭವ 50 ಪಟ್ಟಿಗೂ ಹೆಚ್ಚು ಕಂಡಿತ್ತು. ಶಾರದಾಳ ಇಸಿಜಿ ಸರಿಯಿತ್ತು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಅನ್ನು ಮೂರು ಗಂಟೆ ಅಂತರದಲ್ಲಿ ಎರಡು ಸಲ ನೋಡಿದರು, ಎರಡೂ ಸಲ ಸರಿಯಿತ್ತು. ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬಂದರು. ಅವತ್ತು ಸಿಕ್ಕಿದ್ದೆಂದರೆ ಕೆಟ್ಟ ಕೊಲೆಸ್ಟ್ರಾಲ್ 152 ಇದೆ ಎಂಬ ವಿಷಯ. ಅದಕ್ಕೂ ಔಷಧ ಸೇರಿತು. ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ ಪರೀಕ್ಷೆ ನೆಗೆಟಿವ್ ಬಂತು.

ಆಮೇಲೆ ನಾವು ಮಾಡಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮನೆಯ ಬಿ.ಪಿ. ಮಿಷನ್. ತೋಳಿಗೆ ಕಟ್ಟುವಂಥದ್ದು, ಅವಳ ತೋಳು ಸಣ್ಣ, ಹಾಗಾಗಿ ಸಣ್ಣ ಪಟ್ಟಿ ಹುಡುಕಿ ತರಿಸಿದೆವು. ಬೆಳಿಗ್ಗೆ ಮಾತ್ರೆ, ಕಾಫಿಗೆ ಮೊದಲು. ಬೆನ್ನು ಕುರ್ಚಿಗೆ ಆನಿಸಿ, ಪಾದ ಎರಡೂ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಿಲ್ಲದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಸಂಜೆ ಮತ್ತೆ. ಬರೆಯುವ ಕೆಲಸ ಮಗಳದ್ದು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅಜ್ಜಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಅದೇ ಹಸಿರು ಸ್ಕೆಚ್ ಪೆನ್ನಲ್ಲಿ, "ಅರ್ಧ ಲೀಟರ್" ಕೆಳಗೆ "138/88".

ಉಪ್ಪಿನ ವಿಷಯಕ್ಕೆ ಅತ್ತೆಯೇ ಮುಂದಾಳು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಸಾರಿಗೂ ಮುದ್ದೆಗೂ ಎಲ್ಲಕ್ಕೂ ಸೇರಿ, ಅಂದಾಗ ಅವರು ಲೆಕ್ಕ ಹಾಕಿ ಒಂದು ಡಬ್ಬಿಯಲ್ಲಿ ವಾರದ ಉಪ್ಪು ಬೇರೆ ತೆಗೆದಿಟ್ಟರು. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಗಾರ್ಮೆಂಟ್ಸ್ ಗೇಟಿನ ಹತ್ತಿರದ ಖಾರಾ ಬನ್ ಬಿಡುವುದು ಮಾತ್ರ ಶಾರದಾಳಿಗೆ ಕಷ್ಟವಾಯಿತು, ಈಗಲೂ ಶನಿವಾರ ತಿನ್ನುತ್ತಾಳೆ.

ಸ್ಯಾಶೆಯನ್ನು ಹತ್ತು ವಾರ ಪೂರ್ತಿ ನಿಲ್ಲಿಸಿ, ಆಮೇಲೆ ತಿಂಗಳಿಗೊಂದು ಮಾಡಿದೆವು. ಪ್ರತಿ ತಿಂಗಳ ಮೊದಲ ಭಾನುವಾರ. ಬಿಸಿಲಿಗೆ ಉದ್ದ ತೋಳಿನ ರವಿಕೆ, ಕೊಡೆ, ಸನ್‌ಸ್ಕ್ರೀನ್.

ಸೆಪ್ಟೆಂಬರಿನಲ್ಲಿ ಬಂದಾಗ ಬಿ.ಪಿ. 124/78. ಲೂಪಸ್ ಇರುವವರಲ್ಲಿ 130/80ಕ್ಕಿಂತ ಕೆಳಗಿರಬೇಕು ಅನ್ನುವುದು ಈಗಿನ ಗುರಿ. ಪ್ರೋಟೀನ್ ಅನುಪಾತ 0.4ಕ್ಕೆ ಇಳಿದಿತ್ತು, ಪ್ರೆಡ್ನಿಸೊಲೋನ್ 5 ಮಿಲಿಗ್ರಾಂಗೆ ಬಂದಿತ್ತು. ಡಿ 38. ಮಗಳೂ ಜೊತೆಗಿದ್ದಳು. ರಿಪೋರ್ಟ್ ನೋಡಿ ಅವಳ ಮುಖ ಸಪ್ಪಗಾಯಿತು. "ಡಾಕ್ಟರಜ್ಜಿ, ಎಪ್ಪತ್ತೊಂದು ಇದ್ದಿದ್ದು ಮೂವತ್ತೆಂಟು ಆಗೋಯ್ತಲ್ಲ" ಅಂದಳು. ಇಷ್ಟೇ ಇರಬೇಕು ಪುಟ್ಟಿ ಅಂತ ಹೇಳಿ, ಬಿ.ಪಿ. ಪಟ್ಟಿಯನ್ನು ಅವಳ ಕೈಗೇ ಕೊಟ್ಟು ಅಮ್ಮನ ತೋಳಿಗೆ ಕಟ್ಟಲು ಹೇಳಿದೆ. ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ, ಕೊಳವೆ ಒಳಬದಿಗೆ ಬರುವ ಹಾಗೆ, ಸರಿಯಾಗಿ ಕಟ್ಟಿದಳು. ದೀಪಾವಳಿ ಕಳೆದ ಮೇಲೆ ಕ್ಯಾಲ್ಸಿಯಂ, ಮೂತ್ರದ ಪ್ರೋಟೀನ್, ಕಣ್ಣಿನ ತಪಾಸಣೆ ಮೂರೂ ಇವೆ. ತಾರೀಕು ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದಾರೆ.